‘ಅವರು’ ಯಾರು?

ಯಾದಗಿರಿ
22 ಮೇ 2024

ರೇಣಮ್ಮಾ,

ಒಂದು ವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಫೋನಿನ ಹಾಗೆ ಕಾಗದವನ್ನು ಅರ್ಧಕ್ಕೆ ಕತ್ತರಿಸಿ ಇಡಲು ಬರುವುದಿಲ್ಲ.

ಸಂಘದ ಸಮಿತಿಗೆ ನಾನು ಏನು ಬರೆದುಕೊಟ್ಟೆ ಎಂಬುದನ್ನು ಮಂದಿಯ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿದುಕೋ. ಶಹಾಪುರದ ಮುಖ್ಯ ಕಚೇರಿಯಲ್ಲಿರುವ ದೊಡ್ಡ ಕಂಪ್ಯೂಟರಿಗೆ, ಕುರಿಗಾರರ ಈ ಸಂಘವನ್ನು ಕಟ್ಟಿದ ಹಿರಿಯರ ನೆನಪಿಗೆ, ‘ಮಲ್ಕಪ್ಪ’ ಎಂದು ನಾವೇ ಹೆಸರಿಟ್ಟೆವು. ಯಾರ ಹಿಂಡಿನ ಯಾವ ಕುರಿಗೆ ಯಾವ ಕಿವಿಬಿಲ್ಲೆ, ಯಾವ ಲಸಿಕೆ ಎಂಬುದೆಲ್ಲ ಅದರೊಳಗಿನ ಒಂದು ಫೋಲ್ಡರಿನಲ್ಲಿದೆ. ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆಯವರು ಮಲ್ಕಪ್ಪ ಎಂದು ಒತ್ತಿ ಅದನ್ನೇ ತೆಗೆದು ನೋಡುತ್ತಾರೆ. ಕಳೆದ ವಾರದಿಂದ ಎಲ್ಲಿ ಒತ್ತಿದರೂ ‘ದಾರಿ ಸಿಗಲಿಲ್ಲ’ ಎಂದು ಬರುತ್ತಿದೆ. ಹುಡುಗರು “ಮಲ್ಕಪ್ಪ ಸತ್ತಾನ್ರಿ” ಎಂದು ನಗುತ್ತಿದ್ದಾರೆ. ಕರುಳುಬೇನೆಯ ಲಸಿಕೆ ನಿಂತಿದೆ. ದೇವಾಪುರದ ಕುರಿಗಾರರು ಹಿಂಡು ಹೊಡೆದುಕೊಂಡು ಬಂದು, ಯಾವುದಕ್ಕೆ ಹಾಕಿದೆ ಯಾವುದಕ್ಕೆ ಇಲ್ಲ ಎಂದು ಹೇಳುವವರಿಲ್ಲದೆ ಬಿಸಿಲಲ್ಲಿ ನಿಂತು ಹೋಗಿದ್ದಾರೆ.

ಸುರಪುರ ಶಾಖೆಯಲ್ಲಿ, ನಿನ್ನ ಮೇಜಿನ ಮೇಲೆ ಮಾತ್ರ, ಆ ಫೋಲ್ಡರು ತೆರೆಯುತ್ತದೆ. ಸಮಿತಿಯ ಖಂಡಪ್ಪ ಕಣ್ಣಾರೆ ನೋಡಿ ಬಂದಿದ್ದಾನೆ. ನೀನು ಮಲ್ಕಪ್ಪ ಎಂದು ಒತ್ತುವುದಿಲ್ಲವಂತೆ. ಪರದೆಯ ಮೇಲೆ ‘ಅವರು’ ಎಂದು ಬರೆದ ಒಂದು ಪುಟ್ಟ ಚಿತ್ರವನ್ನು ಒತ್ತುತ್ತೀಯಂತೆ.

ಯಾದಗಿರಿ ಇನ್ನೂ ತಾಲ್ಲೂಕಾಗಿದ್ದಾಗಿನಿಂದ ನಾನು ಈ ಆಟ ನೋಡುತ್ತ ಬಂದಿದ್ದೇನೆ. ಬಡವ ಕೇಳಲು ಹೋದ ದಿನ ಕಡತ ಗುಲಬರ್ಗಾಕ್ಕೆ ಹೋಗಿರುತ್ತಿತ್ತು. ಉಳ್ಳವನು ಕೇಳಿದ ದಿನ ಅದೇ ಕಡತ ಮುನ್ಷಿಯ ಮಂಡಿಯ ಕೆಳಗಿಂದ ಬರುತ್ತಿತ್ತು. ಒಬ್ಬರಿಗೆ ಸಿಗುವ ದಾಖಲೆ ಎಲ್ಲರಿಗೂ ಸಿಗಬೇಕು ಎಂದು ಬರೆಬರೆದು ಬೆರಳು ಸವೆಸಿದವನು ನಾನು. ಈಗ ತಂಗಿಯ ಹೆಸರು ಬಂದಿತೆಂದು ಸುಮ್ಮನಿರಲೇ? ಸತ್ತ ಕುರಿಗೆ ಬದುಕಿದ ಕುರಿಯ ಬಿಲ್ಲೆ ತೋರಿಸುವ ವಿಮೆಯ ದಲ್ಲಾಳಿಗಳು ಆ ದಾಖಲೆಗಾಗಿ ಬಾಯಿ ತೆರೆದು ಕೂತಿದ್ದಾರೆ. ಅದಕ್ಕೇ ಟಿಪ್ಪಣಿಯ ಕೊನೆಗೆ ಬರೆದೆ: ‘ಅವರು’ ಯಾರು ಎಂದು ರೇಣಮ್ಮ ಉತ್ತರಿಸಬೇಕು, ಉತ್ತರಿಸುವ ತನಕ ಕೆಲಸಕ್ಕೆ ಬರಬಾರದು. ಸಂಘದ ನಿಯಮದಂತೆ ಅದನ್ನು ಸುರಪುರದ ಫಲಕಕ್ಕೂ ಅಂಟಿಸಿದ್ದಾರೆ. ಆ ನಿಯಮ ತಂದವನೂ ನಾನೇ.

ಒಂದು ಸಾಲು ಸಾಕು. ಬರೆ.

ನಿನ್ನ ಅಣ್ಣ
ನಿಂಗರಾಜ


ಸುರಪುರ
30 ಮೇ 2024

ಅಣ್ಣನವರಿಗೆ ನಮಸ್ಕಾರ.

ಫೋಲ್ಡರನ್ನು ನಾನು ಅಳಿಸಿಲ್ಲ. ಬಚ್ಚಿಟ್ಟಿಲ್ಲ. ಯಾರಿಗೂ ತೋರಿಸಿಲ್ಲ. ಉಳಿದವರಿಗೆ ಸಿಗದದ್ದು ನನಗೆ ಯಾಕೆ ಸಿಗುತ್ತಿತ್ತು ಎಂಬುದು ನಿಮ್ಮಷ್ಟೇ ನನಗೂ ಗೊತ್ತಿಲ್ಲ.

ನೀವು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ನಿಮಗೆ ಹೇಳಲಾರೆ. ಬೇರೆ ಯಾರು ಕೇಳಿದ್ದರೂ ಒಂದುವೇಳೆ ಹೇಳುತ್ತಿದ್ದೆನೇನೋ.

ನಿಮ್ಮ ಟಿಪ್ಪಣಿಯಲ್ಲಿ ವಿಮೆ, ದಲ್ಲಾಳಿ ಎಂದೆಲ್ಲ ಉದ್ದಕ್ಕೆ ಇದೆ. ಅಷ್ಟು ಓದುವವರು ಇಲ್ಲಿ ಯಾರೂ ಇಲ್ಲ. ಕೊನೆಯ ಸಾಲು ಮಾತ್ರ ಊರು ಓದಿತು. ನಿನ್ನೆ ಹಿಟ್ಟಿನ ಗಿರಣಿಯಲ್ಲಿ ಒಬ್ಬಾಕೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಏನ್ ರೇಣವ್ವ, ಮನಿ ಅವರು ಮಾನ್ವಿ ಕಡಿ ಕುರಿ ಕಾಯಾಕ ಹೋಗ್ಯಾರ. ಮತ್ತ ಆಫೀಸಿನ ಅವರು ಯಾವ ಕಡಿಯಾರವ್ವ?”

ಜೋಳದ ಹಿಟ್ಟು ತುಂಬಿಕೊಳ್ಳದೆ ಬಂದೆ.

ರೇಣಮ್ಮ


ಯಾದಗಿರಿ
6 ಜೂನ್ 2024

ರೇಣಮ್ಮಾ,

ಗಿರಣಿಯ ಹೆಂಗಸರ ಬಾಯಿಗೆ ನಾನು ಹೊಣೆಯಲ್ಲ. ಬಚ್ಚಿಟ್ಟ ಕಡೆಗೇ ಮಂದಿಯ ಬಾಯಿ ಹೋಗುವುದು. ಬಿಚ್ಚಿಡು, ಮುಚ್ಚುತ್ತಾರೆ.

ನನ್ನನ್ನು ‘ನೀವು’ ಎಂದಿದ್ದೀಯ. ಮೊಣಕಾಲೆತ್ತರದ ಮಗುವಾಗಿದ್ದಾಗಿನಿಂದ ‘ನೀ’ ಎಂದೇ ಕರೆದವಳು. ಇರಲಿ. ಗೌರವ ಕೊಟ್ಟು ಉತ್ತರ ತಪ್ಪಿಸಿಕೊಳ್ಳುವುದು ದಫ್ತರದ ಹಳೆಯ ವಿದ್ಯೆ.

ನಿನ್ನ ಗಂಡ ತಿಂಗಳುಗಟ್ಟಲೆ ಹಿಂಡಿನ ಹಿಂದೆ ಇರುವವನು. ಅಕ್ಷರ ಬಾರದವನು. ಆ ಮನೆಯಲ್ಲಿ ನೀನು ನಿನ್ನ ಕಾಲ ಮೇಲೆ ನಿಲ್ಲಬೇಕೆಂದು ನಿನ್ನನ್ನು ಓದಿಸಿದೆ. ಯಾರಿಗೂ ತಲೆ ಬಾಗದವಳು ನನ್ನ ತಂಗಿ ಎಂದು ನಾಲ್ಕು ಸಭೆಗಳಲ್ಲಿ ಹೇಳಿದ್ದೇನೆ. ಹೀಗಿರುವಾಗ, ನನಗೆ ಹೇಳಲಾರದಂಥ ಮನುಷ್ಯ ಯಾರು? ದಲ್ಲಾಳಿಯೋ? ಬೇರೆ ಯಾರೋ? ಯಾರಾದರೂ ಸರಿ, ಹೆಸರು ಹೇಳು. ಹೆಸರು ಹೇಳಲು ಏನು ಕಷ್ಟ?

ಜುಲೈ ಹದಿನಾಲ್ಕಕ್ಕೆ ಶಹಾಪುರದಲ್ಲಿ ಸರ್ವಸದಸ್ಯರ ಸಭೆ. ಅಷ್ಟರೊಳಗೆ ಜವಾಬು ಬರದಿದ್ದರೆ ನಿನ್ನನ್ನು ತೆಗೆಯುವ ಠರಾವನ್ನು ನಾನೇ ಮಂಡಿಸುತ್ತೇನೆ.

ನಿಂಗರಾಜ


ಯಾದಗಿರಿ
27 ಜೂನ್ 2024

ತಂಗೀ,

ಹಿಂದಿನ ಕಾಗದವನ್ನು ಹರಿದುಬಿಡು ಎಂದು ಕೇಳುವ ಮುಖ ನನಗಿಲ್ಲ. ಇಟ್ಟುಕೋ.

ನಿನ್ನೆ ಕಲಬುರಗಿಯಿಂದ ಪ್ರವೀಣಕುಮಾರ ಎಂಬ ಹೊಸ ಹುಡುಗ ಕಂಪ್ಯೂಟರ್ ನೋಡಲು ಬಂದ. ನಾನು ಕುರ್ಚಿ ಎಳೆದುಕೊಂಡು ಅವನ ಹಿಂದೆಯೇ ಕೂತೆ. ಮಲ್ಕಪ್ಪ ಎಂದು ಒತ್ತಿದ, ದಾರಿ ಸಿಗಲಿಲ್ಲ. ಆಮೇಲೆ ಹೆಸರಿನ ಜಾಗದಲ್ಲಿ ಚುಕ್ಕೆ ಚುಕ್ಕೆ ಇಟ್ಟ ಒಂದು ಸಂಖ್ಯೆ ಒತ್ತಿದ. ಇಡೀ ಫೋಲ್ಡರು ತೆರೆದುಕೊಂಡಿತು. ಒಂದು ಕುರಿಯೂ ತಪ್ಪಿರಲಿಲ್ಲ.

“ಏನೂ ಹೋಗಿಲ್ರಿ ಸರ್,” ಎಂದ. “ಮನಿ ಅದ, ಮನ್ಯಾಗಿನ ಮಂದಿ ಅದಾರ. ಅಡ್ರೆಸ್ ಹೇಳಾಂವ ಸತ್ತಾನ, ಅಷ್ಟ.”

ಬಿಡಿಸಿ ಹೇಳು ಎಂದೆ. ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ಸಂಖ್ಯೆಯಿಂದಂತೆ. ಹೆಸರು ನಮ್ಮ ಅನುಕೂಲಕ್ಕೆ. ನಾವು ಮಲ್ಕಪ್ಪ ಎಂದರೆ ಅದರ ಸಂಖ್ಯೆ ಇಂಥದ್ದು ಎಂದು ತಿಳಿಸುವ ಬೇರೊಂದು ಯಂತ್ರವಿರುತ್ತದೆ. ಅದಕ್ಕೆ ಡಿಎನ್‌ಎಸ್ ಎನ್ನುತ್ತಾರೆ. ಅದು ಕೆಟ್ಟರೆ ಹೆಸರು ಹಿಡಿದು ಕರೆದವರಿಗೆ ಯಾರೂ ಸಿಗುವುದಿಲ್ಲ. ಸಂಖ್ಯೆ ಹಿಡಿದು ಹೋದವರಿಗೆ ಏನೂ ಆಗುವುದಿಲ್ಲ. ನಿನ್ನ ಮೇಜಿನ ಮೇಲಿನ ಆ ಚಿತ್ರದ ಹಿಂದೆ ಹೆಸರಿಲ್ಲ, ಸಂಖ್ಯೆ ಇದೆ.

ಆ ಯಂತ್ರ ಎಲ್ಲಿದೆ ಎಂದು ಕೇಳಿದೆ. ಇಲ್ಲೇ, ಯಾದಗಿರಿಯಲ್ಲಿ, ನಾನು ದಿನವೂ ಪತ್ರಿಕೆ ಓದುವ ಕೋಣೆಯ ಮೂಲೆಯಲ್ಲಿ. ಅದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳಿದ್ದವು. ನನ್ನವೇ. ನಾಳೆ ಯಾರಾದರೂ ಸುಳ್ಳು ಹೇಳಿದರೆ ತೋರಿಸಲು ಬೇಕೆಂದು ಎತ್ತಿಟ್ಟವು. ಗಾಳಿಯಾಡದೆ ಯಂತ್ರ ಕಾದು ಸುಟ್ಟಿದೆ.

ಹೆಸರು ಬಿಟ್ಟು ನಿನಗೊಬ್ಬಳಿಗೆ ಸಂಖ್ಯೆ ಯಾಕೆ ಎಂಬುದು ಉಳಿದಿತ್ತು. ಮೊದಲು ಅದನ್ನು ಜೋಡಿಸಿಕೊಟ್ಟ ನವಾಜನಿಗೆ ಪ್ರವೀಣಕುಮಾರ ಫೋನ್ ಹಚ್ಚಿದ. ಅವನೀಗ ರಾಯಚೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಇಷ್ಟೇ ಹೇಳಿದ: “ಅದು ಅಕ್ಕಾರ ಖಾಸಗಿ ಮಾತ ಅದ್ರಿ. ಅಕ್ಕಾರನ್ನ ಕೇಳ್ರಿ.”

ಮನೆಗೆ ಬಂದು ನಿನ್ನ ಅತ್ತಿಗೆ ಸುಮಲತಾಳ ಮುಂದೆ ಎಲ್ಲ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ನಿಂಗರಾಜ, ರೇಣವ್ವನ ಗಂಡನ ಹೆಸರೇನು?”

“ಮಲ್ಕಪ್ಪ.”

“ಶಹಾಪುರದ ಆ ಡಬ್ಬಿ ಹೆಸರು?”

“ಅದೂ ಮಲ್ಕಪ್ಪ,” ಎಂದು ಕನ್ನಡಕ ತೆಗೆದೆ.

“ಎಷ್ಟ ಓದೀರಿ ಅಂತೀನಿ. ಗಂಡನ್ನ ಹೆಸರ ಹಿಡದು ಕರಿಯೂ ಹೆಂಡ್ತಿ ಈ ಊರಾಗ ನಾ ಒಬ್ಬಾಕಿನೇ ಇರಬೇಕು. ಅದೂ ನೀವು ಮದುವಿ ದಿನಾನ ಹಟ ಹಿಡದ್ರಿ ಅಂತ. ಉಳದಾರೆಲ್ಲ ಏನಂತಾರ? ಅವರು ಅಂತಾರ.” ನಗಲು ಹೋದವಳು ನನ್ನ ಮುಖ ನೋಡಿ ನಗಲಿಲ್ಲ.

ಐವತ್ತು ವರ್ಷದ ಹಿಂದಿನ ಕಡತದ ಸಂಖ್ಯೆ ಇವತ್ತಿಗೂ ಹೇಳಬಲ್ಲೆ. ನಮ್ಮ ಅವ್ವ ಸಾಯುವ ತನಕ ಅಪ್ಪನನ್ನು ‘ಅವರು’ ಎಂದದ್ದು ಮಾತ್ರ ನೆನಪಿಗೆ ಬರಲಿಲ್ಲ. ಆ ಪದವನ್ನು ಫಲಕಕ್ಕೆ ಹಚ್ಚಿ, ಯಾರು ಎಂದು ಕೇಳಿದೆ. ಬೇರೆ ಯಾರೋ ಎಂದೂ ಬರೆದೆ. ಯಾರು ನೋಡಲಿ ಬಿಡಲಿ, ನನ್ನ ಕೈ ಅದನ್ನು ಬರೆದಿದೆ.

ಹದಿನಾಲ್ಕರ ಸಭೆಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ, ಎಲ್ಲರೆದುರು ನಿನ್ನ ಕ್ಷಮೆ ಕೇಳುತ್ತೇನೆ.

ನಿಂಗರಾಜ


ಸುರಪುರ
3 ಜುಲೈ 2024

ಅಣ್ಣನವರಿಗೆ,

ಹೇಳಬೇಡಿ.

ಯಂತ್ರ ಸುಟ್ಟದ್ದು ಹೇಳಿ, ದಾಖಲೆ ಎಲ್ಲ ಇದ್ದದ್ದು ಹೇಳಿ. ನನಗೆ ಸಂಖ್ಯೆ ಯಾಕೆ ಎಂಬುದನ್ನು ಮಾತ್ರ ನಿಮ್ಮ ಬಾಯಿಂದ ಹೇಳಬೇಡಿ. ನೀವು ಹೇಳಲು ನಿಂತರೆ ಅದು ಭಾಷಣವಾಗುತ್ತದೆ. ಇಂಥ ರೂಢಿಗಳಿಂದ ಇಂಥ ಅನಾಹುತ ಎಂದು ಕೊನೆಗೆ ಬಂದು ನಿಲ್ಲುತ್ತೀರಿ. ನಾನು ಉದಾಹರಣೆಯಾಗುತ್ತೇನೆ.

ನಿಮಗೊಬ್ಬರಿಗೆ ಹೇಳುತ್ತೇನೆ. ಕಂಪ್ಯೂಟರ್ ಬಂದ ದಿನ ನವಾಜ ನನಗೆ ಕಲಿಸುತ್ತ, “ಅಕ್ಕಾ, ಹೆಸರ ಟೈಪ್ ಮಾಡ್ರಿ” ಎಂದ. ನೀನೇ ಮಾಡಪ್ಪ ಎಂದೆ. ಮರುದಿನವೂ ಹಾಗೇ ಅಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ಗೋಡೆಯ ಮೇಲಿನ ಸಿಬ್ಬಂದಿ ಪಟ್ಟಿಯಲ್ಲಿ ‘ರೇಣಮ್ಮ ಗಂಡ ಮಲ್ಕಪ್ಪ’ ಎಂದಿದ್ದುದನ್ನು ನೋಡಿದ. “ಹಂಗೇನ್ರಿ? ನಮ್ಮ ಅಮ್ಮೀನೂ ಅಬ್ಬಾನ ಹೆಸರ ತಗೊಳ್ಳಂಗಿಲ್ರಿ. ‘ಸುನ್ತೇಂ ಕ್ಯಾ’, ಕೇಳ್ತೀರೇನು, ಅಂತಾಳ, ಓಣಿ ಗಂಡಸ್ರೆಲ್ಲ ಹೊಳ್ಳಿ ನೋಡ್ತಾರ” ಎಂದು ನಕ್ಕ. “ತಡೀರಿ, ಇದಕ್ಕ ಹೆಸರೂ ಅದ, ನಂಬರೂ ಅದ. ನಿಮಗ ನಂಬರ್ ಹಾಕಿಕೊಡ್ತೀನಿ. ಕೆಳಗ ಏನಂತ ಬರೀಲಿ? ನೀವೇನಂತೀರಿ?” ನಾನು ‘ಅವರು’ ಎಂದೆ. ಅವನು ಬರೆದ.

ಕಚೇರಿಯಲ್ಲಿ ಲೈನ್ ಹೋದಾಗಲೆಲ್ಲ “ಮಲ್ಕಪ್ಪ ಬಿದ್ದ”, “ಮಲ್ಕಪ್ಪ ಸತ್ತ” ಎಂದು ಕೂಗುತ್ತಾರೆ. ಹಾವು ತುಂಬಿದ ಬೀಳಿನಲ್ಲಿ ಮಲಗುವ ಮನುಷ್ಯನ ಹೆಂಡತಿ ನಾನು. ಅಂಥ ದಿನ ಮನೆಗೆ ಹೋದೊಡನೆ ಅವರಿಗೆ ಫೋನ್ ಹಚ್ಚಿ, ಉಂಡಿರೇನು ಎಂದು ಕೇಳಿ ಇಡುತ್ತೇನೆ. ಯಾಕೆಂದು ಅವರಿಗೆ ಹೇಳಿಲ್ಲ.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ನನ್ನ ಮದುವೆ ನೆನಪಿಸಿಕೊಳ್ಳಿ. ಹೊಸ್ತಿಲಲ್ಲಿ ನಿಲ್ಲಿಸಿ ಒಡಪಿನಲ್ಲಿ ಗಂಡನ ಹೆಸರು ಹೇಳು ಎಂದರು. ನಾನು ಎರಡು ಸಾಲಿನ ಒಂದು ಒಡಪು ಕಟ್ಟಿಕೊಂಡಿದ್ದೆ, ಪ್ರಾಸ ಚೆಂದವಿತ್ತು. ನೀವು ನಡುವೆ ಬಂದು, “ಒಡಪಿನ ಸೆರಗು ಯಾಕ ಬೇಕು, ಮನುಷ್ಯಾಗ ಹೆಸರ ಇರೂದು ಕರ್ಯಾಕ, ನೆಟ್ಟಗ ಹೇಳು” ಎಂದಿರಿ. ಬೀಗರೆಲ್ಲ ನಿಂತಿದ್ದರು. ಅತ್ತುಬಿಟ್ಟೆ. ಒಡಪಿನಲ್ಲಾದರೂ ಹೇಳುತ್ತಿದ್ದೆ. ಅದೂ ಹೋಯಿತು.

ನನ್ನ ತಂಗಿ ಯಾರಿಗೂ ತಲೆ ಬಾಗದವಳು ಎಂದು ನೀವು ಸಭೆಗಳಲ್ಲಿ ಹೇಳುವುದು ನನಗೂ ಗೊತ್ತಿತ್ತು. ಇಷ್ಟು ಓದಿಯೂ ಗಂಡನ ಹೆಸರು ಒತ್ತಲಾರಳು ಎಂದು ತಿಳಿದರೆ ನಿಮಗೆ ನಾಚಿಕೆಯಾಗುತ್ತದೆ ಎಂದು ಸುಮ್ಮನಿದ್ದೆ. ನನ್ನದೇ ನಾಚಿಕೆಯಾಗಿದ್ದರೆ ನುಂಗಿಕೊಂಡು ಹೇಳಿಬಿಡುತ್ತಿದ್ದೆ.

ರೇಣಮ್ಮ


ಯಾದಗಿರಿ
15 ಜುಲೈ 2024

ತಂಗೀ,

ಆರೋಪ ಹೋಯಿತು. ಠರಾವು ಬರೆದು ಎಲ್ಲರೂ ಸಹಿ ಹಾಕಿದ್ದಾರೆ. ಫಲಕದ ಕಾಗದವನ್ನು ಖಂಡಪ್ಪನೇ ಹೋಗಿ ಕಿತ್ತುಹಾಕುತ್ತಾನೆ. ಬರುವ ಸೋಮವಾರದಿಂದ ನೀನು ಕೆಲಸಕ್ಕೆ ಹೋಗಬಹುದು.

ನೀನು ಹೇಳಿದಂತೆಯೇ ನಡೆದುಕೊಂಡೆ. ಯಂತ್ರದ ಮಾತು, ಪತ್ರಿಕೆಯ ಕಟ್ಟುಗಳ ಮಾತು ಹೇಳಿದೆ. ಹಿಂದಿನ ಸಾಲಿನಿಂದ ಯಾರೋ “ಸುದ್ದಿ ಬಿಸಿ ಇತ್ತೇನ್ರಿ ಮಾಸ್ತರ್” ಎಂದರು, ನಕ್ಕರು. ತಪ್ಪು ಆರೋಪಕ್ಕೆ ಕ್ಷಮೆ ಕೇಳಿದೆ. ಆಗ ಖಂಡಪ್ಪ ಎದ್ದು ನಿಂತ.

“ಅದೆಲ್ಲ ಖರೇ. ಆಕಿಗೊಬ್ಬಾಕಿಗೇ ನಂಬರ್ ಯಾಕ ಹಾಕಿದ್ರು? ಅದನ್ನ ಹೇಳ್ರಿ.”

ಉತ್ತರ ನನಗೆ ಗೊತ್ತಿದೆ, ಹೇಳುವುದಿಲ್ಲ ಎಂದೆ.

“ಯಾಕ್ರಿ? ಎಲ್ಲಾರ್ನೂ ನಿಲ್ಲಿಸಿ ಜವಾಬ ಕೇಳಾವ್ರು ನೀವು. ತಂಗಿ ಅಂದ್ರ ಬಾಯಿಗೆ ಬೀಗ ಬಿತ್ತೇನು?”

ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು. ತಂಗಿಗಾಗಿ ನನ್ನ ನಿಷ್ಪಕ್ಷಪಾತದ ಹೆಸರನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬ ಹೆಮ್ಮೆ.

ಆಗ ಮುಂದಿನ ಸಾಲಿನಿಂದ ಗೊಲ್ಲಾಳಮ್ಮ, ಸಂಘ ಕಟ್ಟಿದ ಹಿರಿಯರ ಹೆಂಡತಿ, ಕೂತಲ್ಲಿಂದಲೇ ಮಾತಾಡಿದರು.

“ಏ ಖಂಡಪ್ಪ, ಕುಂಡ್ರೋ. ಈ ಸಂಘದಾಗ ಇಷ್ಟ ವರ್ಷ ಆತು, ಆ ಡಬ್ಬಿ ಹೆಸರ ನಾ ಒಮ್ಮೆರ ತಗೊಂಡಿದ್ದು ಕೇಳೀಯೇನು?”

“ಇಲ್ಲಬೇ ಆಯಿ.”

“ಯಾಕ ತಗೊಂಡಿಲ್ಲ?”

ಖಂಡಪ್ಪ ಗೋಡೆಯ ಮೇಲಿನ ಹಿರಿಯರ ಪಟದ ಕಡೆ ನೋಡಿದ, ಕೂತ.

“ರೇಣವ್ವನ ಮನ್ಯಾವನ ಹೆಸರೂ ಅದೇ. ತಿಳೀತೇನು? ತಿಳದ್ರ ಮುಂದಿನ ವಿಷಯ ತಗೀರಿ. ನಿಮ್ಮ ಹೆಂಡ್ರು ಮನ್ಯಾಗ ನಿಮಗ ಏನಂತ ಕರೀತಾರ ಅಂತ ಒಬ್ಬೊಬ್ರೇ ಎದ್ದು ಹೇಳ್ರಿ ಅಂದ್ರ ಹೇಳ್ತೀರೇನು ಈಗ?”

ಹೆಂಗಸರ ಕಡೆಯಿಂದ ನಗೆ ಎದ್ದಿತು. ನಿನ್ನ ಮೇಲಿನ ನಗೆಯಲ್ಲ ಅದು. ಮೇ ತಿಂಗಳಲ್ಲೇ ಗೊಲ್ಲಾಳಮ್ಮನವರನ್ನು ಒಂದು ಮಾತು ಕೇಳಿದ್ದರೆ ಆಗಲೇ ಮುಗಿಯುತ್ತಿತ್ತು. ನಾನು ಯಾರನ್ನೂ ಕೇಳಲಿಲ್ಲ. ಟಿಪ್ಪಣಿ ಬರೆದೆ. ಮುಚ್ಚಿಟ್ಟೆನೆಂದು ಹೆಮ್ಮೆಪಟ್ಟದ್ದು ಆ ಸಭೆಯ ಅರ್ಧ ಜನಕ್ಕೆ ಮೊದಲೇ ಗೊತ್ತಿತ್ತು. ಇಷ್ಟು ವರ್ಷ ಯಾರ ಪರವಾಗಿ ಬರೆಯುತ್ತಿದ್ದೇನೆಂದು ತಿಳಿದಿದ್ದೆನೋ, ಅವರ ಮನೆಯ ಮಾತೇ ನನಗೆ ಬರುವುದಿಲ್ಲ.

ಮಳೆ ಹಿಡಿದಿದೆ, ಮಲ್ಕಪ್ಪ ಹಿಂಡು ಹೊಡೆದುಕೊಂಡು ಬಂದಿರಬೇಕು. ಸುರಪುರದ ಮಾತು ಅವನ ಕಿವಿಗೂ ಬಿದ್ದಿರುತ್ತದೆ. ನಾನು ಬಂದು ಅವನ ಮುಂದೆ ಕೂತು ತಪ್ಪಾಯಿತು ಎನ್ನಬೇಕು. ಯಾವಾಗ ಬರಲಿ, ಬರೆ.

ಅಣ್ಣ
ನಿಂಗರಾಜ


ಸುರಪುರ
4 ಆಗಸ್ಟ್ 2024

ಅಣ್ಣಾ,

ಕೆಲಸಕ್ಕೆ ಹೋಗುತ್ತಿದ್ದೇನೆ. ನಿಂತ ಲಸಿಕೆ ಮತ್ತೆ ಶುರುವಾಗಿದೆ. ಯಾದಗಿರಿಗೆ ಹೊಸ ಯಂತ್ರ ಬಂದ ಮೇಲೆ ಪ್ರವೀಣಕುಮಾರ ಎಲ್ಲ ಕಂಪ್ಯೂಟರುಗಳನ್ನು ಒಂದೇ ತರಹ ಮಾಡಲು ಇಲ್ಲಿಗೂ ಬಂದಿದ್ದ. ನನ್ನ ಮೇಜಿನ ಹತ್ತಿರ ನಿಂತು, “ಇದನ್ನ ಹಿಂಗೇ ಬಿಡ್ಲೇನ್ರಿ?” ಎಂದ. ಬಿಡು ಎಂದೆ. “ಚಲೋ ಆತು, ಮತ್ತ ಕೆಟ್ರ ಎಲ್ಲಾರೂ ನಿಮ್ಮ ಮೇಜಿಗೇ ಬರಬೇಕು,” ಎಂದು ಹೋದ.

ಅವರು ಬಂದಿದ್ದಾರೆ. ನೀನು ಅಂದುಕೊಂಡದ್ದು ಸರಿ, ಕೃಷ್ಣೆ ದಾಟುವ ಮೊದಲೇ ಮಾತು ಮುಟ್ಟಿತ್ತು. ಕುರಿಹಟ್ಟಿಯಲ್ಲಿ ನಮ್ಮ ಕಡೆಯ ಇನ್ನೊಬ್ಬ ಕುರಿಗಾರ, ಬೀಡಿಗೆ ಬೆಂಕಿ ಕೇಳುತ್ತ, ಹೇಳಿದನಂತೆ. ಮನೆಗೆ ಬಂದವರು ಕಂಬಳಿ ಇಳಿಸಿದರು, ಕಾಲು ತೊಳೆದರು. ಕೊಟ್ಟ ನೀರು ಮಾತ್ರ ಹಾಗೇ ಇತ್ತು.

“ನಿನ್ನ ಡಬ್ಬ್ಯಾಗ ಯಾವನೋ ಅದಾನಂತ.”

“ನೀವ ಅದೀರಿ,” ಎಂದೆ.

ತಿಳಿಯಲಿಲ್ಲ. ಮೊದಲಿನಿಂದ ಹೇಳಿದೆ. ಮುಗಿದ ಮೇಲೆ, “ಆಗಾಗ ಉಂಡೀರೇನು ಅಂತ ಫೋನ್ ಹಚ್ಚತಿದ್ದಿ. ಇದರ ಸಲುವಾಗೇನು?” ಎಂದು ಕೇಳಿದರು. ಹೌದೆಂದೆ. ನೀರು ಕುಡಿದರು.

ಮರುದಿನ ಒಗೆದ ರುಮಾಲು ಸುತ್ತಿಕೊಂಡು ನನ್ನ ಜೊತೆಗೇ ಕಚೇರಿಗೆ ಬಂದರು. ಒಳಗೆ ಬರಲಿಲ್ಲ. ಫಲಕದ ಕೆಳಗಿನ ಬೆಂಚಿನ ಮೇಲೆ ಸಂಜೆ ಬಾಗಿಲು ಹಾಕುವ ತನಕ ಕೂತರು. ಬಂದವರೆಲ್ಲ ಅವರನ್ನು ದಾಟಿ ಬರಬೇಕಿತ್ತು. ಒಬ್ಬೊಬ್ಬರನ್ನೂ “ಕುರಿ ಅರಾಮ ಅದಾವೇನು?” ಎಂದು ಕೇಳಿದರು. ಗಿರಣಿಯಲ್ಲಿ ಮಾತಾಡಿದಾಕೆಯ ಗಂಡನೂ ಬಂದಿದ್ದ. ಅವನನ್ನೂ ಅದನ್ನೇ ಕೇಳಿದರು. ಅವನು ಕೆಳಗೆ ನೋಡಿಕೊಂಡು, ಅದಾವ್ರಿ ಎಂದ. ಅವತ್ತಿನಿಂದ ಊರಿನಲ್ಲಿ ಆ ಮಾತು ನಿಂತಿದೆ.

ಎಲ್ಲರೂ ಹೋದ ಮೇಲೆ ಒಳಗೆ ಬಂದು, ತೋರಿಸು ಎಂದರು. ಚಿತ್ರ ಒತ್ತಿದೆ, ಪಟ್ಟಿ ತೆರೆಯಿತು. ಅದರ ಕೆಳಗಿನ ಅಕ್ಷರ ಯಾವುವು ಎಂದು ಕೇಳಲಿಲ್ಲ. “ಇದರಾಗ ನಮ್ಮ ಕುರೀನೂ ಅದಾವೇನು?” ಎಂದಷ್ಟೇ ಕೇಳಿದರು. ಅದಾವ ಎಂದೆ.

ಮನೆಗೆ ನಡೆಯುವಾಗ ಹಿಂದೆ ನೋಡದೆ, “ಈ ಮಾತ ಮೊದಲ ಕೇಳಿದಾಂವ ಯಾರು?” ಎಂದರು. ಕೆರೆಯ ತಿರುವಿನ ತನಕ ಅವರ ಹಿಂದೆ ನಡೆದೆ. ಆಮೇಲೆ, ನಮ್ಮಣ್ಣ ಎಂದೆ. ಅವರಿಗೆ ಗೊತ್ತಿತ್ತು. ನಾನು ಹೇಳುತ್ತೇನೋ ಇಲ್ಲವೋ ನೋಡಿದರು.

ನೀನು ಬರುವ ವಿಷಯ ತೆಗೆದೆ. “ಬ್ಯಾಡ ಅನ್ನಾಂವ ನಾ ಯಾರು? ನಿನ್ನ ತವರುಮನಿ ಮಂದಿ,” ಎಂದು ಎದ್ದು ಕುರಿಗಳ ಕಡೆಗೆ ಹೋದರು. ಬರಬೇಕೆಂದಿದ್ದರೆ ಬಾ. ಚಹಾ ಮಾಡುತ್ತೇನೆ. ಅವರೂ ಕೂತು ಕುಡಿಯುತ್ತಾರೆ, ಮರ್ಯಾದೆಗೆ ಕಡಿಮೆ ಮಾಡುವವರಲ್ಲ.

ಒಂದು ಮಾತು ನಿನಗೆ ಗೊತ್ತಿರಬೇಕು. ಮೊದಲೆಲ್ಲ ಹಟ್ಟಿಯಲ್ಲಿ ಯಾವ ಸುದ್ದಿ ಬಂದರೂ, “ನಮ್ಮ ನಿಂಗರಾಜ ಮಾಸ್ತರ್ನ ಕೇಳಬೇಕು, ಅವರಿಗೆ ತಿಳೀತದ” ಎನ್ನುತ್ತಿದ್ದರಂತೆ. ನನ್ನ ಹತ್ತಿರವೂ ಹಾಗೇ. ಉಣ್ಣುವಾಗ ನಿನ್ನ ಹೆಸರು ಬರದ ದಿನವಿರಲಿಲ್ಲ. ಈಗ ಬಂದಾಗಿನಿಂದ ‘ನಿಮ್ಮ ಕಡಿಯವರು’ ಎನ್ನುತ್ತಾರೆ. ಅಷ್ಟೇ.

ನಾನು ಅವರ ಹೆಸರು ತೆಗೆದುಕೊಳ್ಳುವುದಿಲ್ಲ. ಯಾಕೆಂದು ಈಗ ನಿನಗೆ ಗೊತ್ತು. ಅವರು ನಿನ್ನ ಹೆಸರು ತೆಗೆದುಕೊಳ್ಳುವುದನ್ನು ಬಿಟ್ಟಿದ್ದಾರೆ. ಯಾಕೆಂದು ನಾನು ಕೇಳಿಲ್ಲ.

ರೇಣಮ್ಮ